ನಡುಮಧ್ಯಾಹ್ನದ ಅಳತೆ

ತೋಟ ಪಾಲಾದ ದಿನ ಅಳತೆಯವನು ತಡಮಾಡಿ ಬಂದ. ಬೆಳಿಗ್ಗೆಯೇ ಬರುತ್ತೇನೆಂದು ಹೇಳಿದ್ದವನು ಸೂರ್ಯ ನೆತ್ತಿಗೇರಿದ ಮೇಲೆ ಬೆವರೊರೆಸಿಕೊಳ್ಳುತ್ತ ಬಂದು, ಸರಪಳಿ ಎಳೆದು, ನಡುವೆ ಕಲ್ಲು ನೆಡಿಸಿ, "ಬುಡ ಯಾರ ಜಾಗದಲ್ಲಿದೆಯೋ ಮರ ಅವರದು, ಮುಗೀತು" ಎಂದು ಕೈ ಕೊಡವಿದ. ಅಕ್ಕ ಹೂಂ ಅಂದಳು. ತಮ್ಮನೂ ಹೂಂ ಅಂದ. ಆ ಹೊತ್ತಿನಲ್ಲಿ ಪ್ರತಿಯೊಂದು ಮರದ ನೆರಳೂ ಅದರದರ ಬುಡದಲ್ಲೇ ಮುದುಡಿ ಕೂತಿತ್ತು. ಯಾವ ನೆರಳೂ ಆಚೆಯವರ ಜಾಗಕ್ಕೆ ಕಾಲು ಚಾಚಿರಲಿಲ್ಲ.

ಮೂರ್ಖತನ ಅಂದರೆ ಇದು. ಇಬ್ಬರೂ ಕಾಫಿ ಗಿಡದ ಸಂದಿಯಲ್ಲೇ ತೆವಳಿ ದೊಡ್ಡವರಾದವರು. ಯಾವ ಗಿಡಕ್ಕೆ ಯಾವ ಹೊತ್ತಿನಲ್ಲಿ ಎಷ್ಟು ಬಿಸಿಲು ಬೀಳುತ್ತದೆಂದು ಕಣ್ಣುಮುಚ್ಚಿ ಹೇಳಬಲ್ಲವರು. ಅಂಥವರು ನೆಲ ಹಂಚಿಕೊಂಡರು, ಮರ ಹಂಚಿಕೊಂಡರು. ನೆರಳು ಯಾರಿಗೆ ಎನ್ನುವ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ಸಂಜೆಯವರೆಗೆ ಕಾದು ಅಳೆದಿದ್ದರೆ, ತಮ್ಮನ ಮರಗಳು ಅಕ್ಕನ ಗಿಡಗಳ ಮೇಲೆ ಉದ್ದಕ್ಕೆ ಮಲಗಿರುವುದು ಅಳತೆಯವನ ಕಣ್ಣಿಗೂ ಬೀಳುತ್ತಿತ್ತು.

ಪಡುವಣ ಭಾಗ ತಮ್ಮನಿಗೆ ಬಂದಿತ್ತು, ಮೂಡಣದ್ದು ಅಕ್ಕನಿಗೆ. ತಮ್ಮ ಚಿಕ್ಕಂದಿನಲ್ಲಿ ಅಕ್ಕನ ಲಂಗದ ತುದಿ ಹಿಡಿದುಕೊಂಡೇ ತಿರುಗುತ್ತಿದ್ದುದರಿಂದ ಮನೆಯವರೆಲ್ಲ ಅವನನ್ನು ಬಾಲ ಎಂದೇ ಕರೆಯುತ್ತಿದ್ದರು. ಮೀಸೆ ಬಂದರೂ, ಮದುವೆಯಾದರೂ ಆ ಹೆಸರು ಹೋಗಲಿಲ್ಲ. ಅಕ್ಕನನ್ನು ಕೆಲಸದವರೂ ಅಕ್ಕ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಏನೆಂದು ಕರೆಯುತ್ತಿದ್ದರೋ ಬೇರೆ ಮಾತು. ಅವಳ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು.

ನಡುವಿನ ಕಲ್ಲಿಗೆ ತಾಗಿದಂತೆ ಅಕ್ಕನ ಕಡೆ ಅಪ್ಪ ಮೊಟ್ಟಮೊದಲು ನೆಟ್ಟ ಗಿಡಗಳಿದ್ದವು. ಈಗ ಯಾರೂ ನೆಡದ ಹಳೆಯ ತಳಿ. ಗಡಿ ಬಂದ ಮೇಲೆ ಅದಕ್ಕೆ ಗಡಿಸಾಲು ಎಂದು ಹೆಸರಾಯಿತು. ಆ ಸಾಲಿನ ನಡುವೆ ಅಪ್ಪ ಒಂದು ಮರವನ್ನೂ ನೆಟ್ಟಿರಲಿಲ್ಲ. ಪಡುವಣದ ಅತ್ತಿ, ಹಲಸು, ಇನ್ನೂ ಹತ್ತಾರು ಹೆಮ್ಮರಗಳು ಮಧ್ಯಾಹ್ನ ತಿರುಗಿದೊಡನೆ ಆ ಗಿಡಗಳ ಮೇಲೆ ನೆರಳು ಹೊದಿಸುತ್ತಿದ್ದವು. ಇನ್ನೊಂದು ಮರ ನೆಟ್ಟರೆ ಕತ್ತಲೆ ಕವಿದು ಗಿಡ ಕಾಯಿ ಕಚ್ಚುವುದಿಲ್ಲ. ಬೆಳಗಿನ ಎಳೆ ಬಿಸಿಲು ಧಾರಾಳವಾಗಿ ಬೀಳಲಿ, ಆಮೇಲಿನದ್ದು ಎಲೆಗಳ ನಡುವೆ ಸೋಸಿಕೊಂಡು ಚುಕ್ಕಿ ಚುಕ್ಕಿಯಾಗಿ ಬರಲಿ ಎಂದು ಅಪ್ಪ ಹೂಡಿದ ಲೆಕ್ಕ ಅದು. ಅಲ್ಲಿಯ ಹಣ್ಣು ಅವಸರವಿಲ್ಲದೆ ಕೆಂಪಾಗುತ್ತಿತ್ತು. ಬೇರೆ ಕಡೆ ಕೊಯ್ದು ಮುಗಿಸಿದ ಮೇಲೂ ಗಡಿಸಾಲು ಇನ್ನೂ ಅರೆಗೆಂಪಾಗಿ ಕಾಯಿಸುತ್ತಿತ್ತು.

ಆ ಬೀಜಕ್ಕೆಂದೇ ಪ್ರತಿ ವರ್ಷ ಪೇಟೆಯಿಂದ ಒಬ್ಬ ಬರುತ್ತಿದ್ದ. ಸಕ್ಕರೆ ಇಲ್ಲ, ಹಾಲು ಇಲ್ಲ, ಚಮಚದಲ್ಲಿ ಕಪ್ಪು ಕಾಫಿಯನ್ನು ಸೊರ್ರೆಂದು ಹೀರಿ, ಬಾಯೊಳಗೆ ಹೊರಳಿಸಿ, ಬಕೆಟಿಗೆ ಉಗುಳುವುದು ಅವನ ಉದ್ಯೋಗ. ಮನೆಯವರು ಅವನಿಗೆ ರುಚಿಯವನು ಎಂದು ಹೆಸರಿಟ್ಟಿದ್ದರು. ತೋಟಕ್ಕೆ ಕಾಲಿಟ್ಟರೆ ಅವನು ಮೊದಲು ಗಿಡ ನೋಡುತ್ತಿರಲಿಲ್ಲ, ಕತ್ತು ಹಿಂದಕ್ಕೆ ಬಾಗಿಸಿ ಮರ ನೋಡುತ್ತಿದ್ದ. ಮರದಲ್ಲಿ ಹಕ್ಕಿ ಕೂಗಿದರೆ ಅವನ ಮುಖ ಅರಳುತ್ತಿತ್ತು. ಅವನ ಗಿರಾಕಿಗಳು ಮರದಡಿಯ ಕಾಫಿಗೆ ಕೇಳಿದ ಬೆಲೆ ಕೊಡುತ್ತಾರಂತೆ.

"ನೋಡಿದ್ಯೇನೇ, ಹಕ್ಕಿ ಹಿಕ್ಕೆಗೂ ಬೆಲೆ ಬಂತು. ನನಗೆ ಮಾತ್ರ ಈ ಮನೇಲಿ ಬರಲಿಲ್ಲ" ಎಂದು ಅಕ್ಕನ ಗಂಡ ನಗುತ್ತಿದ್ದ. ಅವನು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ ಮನೆಯಲ್ಲೇ ಇಡೀ ದಿನ ಕಳೆಯುವ ಮನುಷ್ಯ. ಹೆಂಡತಿಯ ಕೂಗಿಗಿಂತ ಯಂತ್ರದ ಸದ್ದೇ ವಾಸಿ ಎನ್ನುವವನು.

ಒಮ್ಮೆ ರುಚಿಯವನು ಕಲ್ಲಿನಾಚೆ ಕೈ ತೋರಿಸಿ, "ಆ ಮರಗಳ ಕೆಳಗಿರೋ ಕಾಫಿ ಯಾರದು? ಅದನ್ನೂ ಒಂದು ಸಲ ಕುಡಿದು ನೋಡ್ಬೇಕಲ್ಲ" ಎಂದು ಕೇಳಿದ್ದ.

"ಅದಾ? ಅದು ನಿಮ್ಮ ಬಾಯಿಗೆ ಹಿಡಿಸಲ್ಲ ಬಿಡಿ" ಎಂದು ಅಕ್ಕ ಅವನನ್ನು ಬೇರೆ ದಾರಿಯಲ್ಲಿ ಕರೆದುಕೊಂಡು ಹೋದಳು. ಗಂಡ ಅವಳ ಮುಖ ನೋಡಿದ.

ಪಾಲಾದ ಮುಂದಿನ ಬೇಸಿಗೆಯಲ್ಲಿ, ಕಣದಲ್ಲಿ ಕಾಫಿ ಹರವುತ್ತಿದ್ದ ಅಕ್ಕನ ಕಿವಿಗೆ ಗರಗಸದ ಯಂತ್ರದ ಅರಚು ಬಿತ್ತು. ಕೈಲಿದ್ದ ಹಲುಬೆಯನ್ನು ಅಲ್ಲೇ ಎಸೆದು ಓಡಿದಳು. ಕಲ್ಲಿನ ಹತ್ತಿರ ಬರುವಷ್ಟರಲ್ಲಿ ದೊಡ್ಡ ಅತ್ತಿ ನೆಲಕ್ಕೆ ಬಿದ್ದಿತ್ತು. ಅದಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿ ಕಾಳಿನ ಗೊಂಚಲುಗಳ ಸಮೇತ ಮಣ್ಣಿಗೆ ಮುಖವಿಟ್ಟಿತ್ತು. ಆ ಬಳ್ಳಿಗಳ ದುಡ್ಡಿನಿಂದಲೇ, ಕಾಫಿಗೆ ಬೆಲೆ ಬಿದ್ದ ವರ್ಷಗಳಲ್ಲಿ ಅಪ್ಪ ಮನೆ ನಡೆಸಿದ್ದ.

"ಏನೋ ಇದು ಬಾಲ? ತಲೆ ಕೆಟ್ಟಿದೆಯಾ ನಿನಗೆ? ಅಪ್ಪನ ಮರ ಕಣೋ!"

"ಅಪ್ಪನ ಮರ ಅಲ್ಲಕ್ಕ, ನನ್ನ ಮರ. ಬುಡ ಎಲ್ಲಿದೆ ನೋಡು. ಹೂಂ ಅಂದವಳು ನೀನೇ."

"ಬುಡ ನಿಂದು. ನೆರಳು ನಂದು. ನನ್ನ ಗಡಿಸಾಲು ಸುಟ್ಟು ಹೋಗತ್ತೆ."

"ಓಹೋ, ನೆರಳು ನಿಂದಾ?" ಬಾಲ ಸೊಂಟದ ಮೇಲೆ ಕೈಯಿಟ್ಟು ಮರ ಕಡಿಯುವವರ ಕಡೆ ತಿರುಗಿದ. "ಕೇಳಿದ್ರಾ? ಇಷ್ಟು ದಿನ ನನ್ನ ಮರದ ನೆರಳನ್ನ ಬಿಟ್ಟಿಯಾಗಿ ತಿಂದವಳು ಇವಳು. ನಾನೇನಾದ್ರೂ ಬಾಡಿಗೆ ಕೇಳಿದೀನಾ?"

ಮರ ಕಡಿಯುವವರು ಹಲ್ಲು ಕಿರಿದರು. ಆ ನಗು ಅಕ್ಕನ ಮೈಗೆ ಕಾದ ಸೌಟು ತಾಗಿದಂತೆ ತಾಗಿತು.

"ಎಲೆ ಉದುರಿ ಗೊಬ್ಬರ ಆಗ್ತಿತ್ತು, ಇನ್ಮೇಲೆ ಅಂಗಡಿಯಿಂದ ಹೊತ್ತು ತಂದು ಸುರೀತಾ ಇರು. ಕಳೆ ಸೊಂಟದೆತ್ತರ ಬರತ್ತೆ. ಮಳೆಗೆ ಮೇಲ್ಮಣ್ಣೆಲ್ಲ ಕೊಚ್ಚಿ ಹೋಗತ್ತೆ. ಒರತೆ ಬತ್ತತ್ತೆ. ಮೆಣಸಿನ ಬಳ್ಳೀನ ಎಲ್ಲಿಗೆ ಹಬ್ಬಿಸ್ತೀಯ, ನಿನ್ನ ತಲೆಗಾ?"

"ಬಿಸಿಲಿಗೆ ಬಿಟ್ರೆ ಎರಡರಷ್ಟು ಬೆಳೆ ಬರತ್ತೆ ಅಂತ ಗೊಬ್ಬರದಂಗಡಿಯವರು ಲೆಕ್ಕ ಹಾಕಿ ತೋರಿಸಿದಾರೆ."

"ಅವನು ಗೊಬ್ಬರ ಮಾರೋನು ಕಣೋ ದಡ್ಡ. ಬಟ್ಟೆ ಅಂಗಡಿಯವನು ಬರಿಮೈಯಲ್ಲಿ ಚೆನ್ನಾಗಿ ಕಾಣ್ತೀಯ ಅಂತ ಹೇಳ್ತಾನಾ?"

"ನಿನಗೆ ಬಿಡಕ್ಕ, ಮನೆ ಬಾಗಿಲಿಗೆ ಬಂದು ಕೊಳ್ಳೋರಿದಾರೆ. ನನಗೆ ಯಾರಿದಾರೆ? ನಿನ್ನ ಹಕ್ಕಿಗಳು ಬಂದು ನನ್ನ ಮನೆ ಸಾಮಾನು ತಂದು ಹಾಕ್ತಾವಾ?"

ರುಚಿಯವನ ಹೆಸರು ಅಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮರ ಕಡಿಯುವವನೊಬ್ಬ ಇನ್ನೂ ನಗುತ್ತಿರುವುದು ಕಣ್ಣಿಗೆ ಬಿತ್ತು. ರಕ್ತ ತಲೆಗೇರಿತು.

"ಕಡಿ, ಎಲ್ಲಾ ಕಡಿ! ಇನ್ನೊಂದು ಸಲ ನಿನ್ನ ಜೊತೆ ಮಾತಾಡಿದ್ರೆ ನನ್ನ ನಾಲಿಗೆ ಬಿದ್ದು ಹೋಗ್ಲಿ!"

ಅವನು ಕಡಿದ. ಅವಳು ಮಾತು ಬಿಟ್ಟಳು. ಇಬ್ಬರೂ ಹೇಳಿದ ಮಾತಿಗೆ ತಪ್ಪುವವರಲ್ಲ.

ಮುಂದಿನ ಎರಡು ಬೆಳೆ ಬಾಲನ ತೋಟದಲ್ಲಿ ಕಾಯಿಯ ಭಾರಕ್ಕೆ ಕೊಂಬೆಗಳು ನೆಲ ಮುಟ್ಟಿದವು. ನೋಡಲು ಬಂದವರು ಬೆರಳು ಕಚ್ಚಿದರು. ಅಪ್ಪನ ಮರಗಳನ್ನು ಕಡಿದ ಬೇಸಿಗೆಯಲ್ಲೇ ಹಲಗೆ ಮಾಡಿಸಿ, ರಸ್ತೆ ತಾಗುವ ಮೂಲೆಯಲ್ಲಿ, ಗಡಿಕಲ್ಲಿಗೆ ಒತ್ತಿಕೊಂಡಂತೆ ಬಾಲ ಒಂದು ಉಗ್ರಾಣ ಕಟ್ಟಿಸಿದ. ಎರಡು ಅಂತಸ್ತು, ಎತ್ತರದ ಮಾಡು, ನಾಲ್ಕೂ ಕಡೆ ಹಲಗೆಯ ಗೋಡೆ. ಊರವರು ಅವನನ್ನು ಸಾಹುಕಾರ ಎಂದು ಕರೆಯತೊಡಗಿದರು. ಅಕ್ಕ ಆ ಉಗ್ರಾಣದ ಕಡೆ ಮುಖ ತಿರುಗಿದಾಗಲೆಲ್ಲ ಉಗುಳುತ್ತಿದ್ದಳು.

"ರುಚಿಯವನ ಕೆಲಸಕ್ಕೆ ನೀನೇ ಸೇರ್ಕೋಬಹುದು" ಎಂದ ಗಂಡ.

ಇತ್ತ ಗಡಿಸಾಲಿಗೆ ಮೊದಲ ಬೇಸಿಗೆಯಲ್ಲೇ ಕಂಟಕ ಬಂತು. ಪಡುವಣದ ಬಿಸಿಲು ನೇರವಾಗಿ ಬಡಿದು ಎಲೆ ತಾಮ್ರದ ಬಣ್ಣಕ್ಕೆ ತಿರುಗಿತು. ತೊಗಟೆ ಕಾದರೆ ಕಾಂಡ ಕೊರೆಯುವ ಹುಳಕ್ಕೆ ಹಬ್ಬ. ಗಿಡದ ಮೈಮೇಲೆ ಉಂಗುರದಂಥ ಉಬ್ಬುಗಳು ಎದ್ದವು. ಹುಳ ಹೊಕ್ಕ ಗಿಡವನ್ನು ಕಿತ್ತು ಸುಡುವುದು ಬಿಟ್ಟರೆ ಬೇರೆ ಮದ್ದಿಲ್ಲ. ಅಪ್ಪನ ಕೈಯ ಗಿಡಗಳನ್ನು ಅಕ್ಕ ತಾನೇ ಕಿತ್ತು, ತಾನೇ ರಾಶಿ ಹಾಕಿ, ತಾನೇ ಬೆಂಕಿ ಕೊಟ್ಟಳು. ಖಾಲಿಯಾದ ಕಡೆಗಳಲ್ಲಿ ನೆರಳಿನ ಸಸಿ ನೆಟ್ಟಳು. ಸಸಿ ಮೊಣಕಾಲೆತ್ತರ ಇತ್ತು. ಅದು ಮರವಾಗಿ ನೆರಳು ಕೊಡುವ ಹೊತ್ತಿಗೆ ತನಗೆ ಯಾರಾದರೂ ಕೈ ಹಿಡಿದು ನಡೆಸಬೇಕಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಆ ವರ್ಷದ ಕೊಯ್ಲಾದ ಮೇಲೆ ರುಚಿಯವನು ಬಂದ. ಕತ್ತೆತ್ತಿ ನೋಡಿದ, ಪಡುವಣದಲ್ಲಿ ಬರೀ ಆಕಾಶ. ಒಳಗೆ ಬಂದು ಬಟ್ಟಲುಗಳನ್ನು ಸಾಲಾಗಿ ಇಡಿಸಿದ. ಹೀರಿದ, ಉಗುಳಿದ. ಮುಂದಿನದನ್ನು ಹೀರಿದ, ಉಗುಳಿದ. ಅಕ್ಕ ಅವನ ಹುಬ್ಬನ್ನೇ ನೋಡುತ್ತ ನಿಂತಿದ್ದಳು.

"ಗಡಿಸಾಲಿಂದು ಹೋಯ್ತಮ್ಮ. ಹಣ್ಣು ಬಲಿಯೋಕೆ ಮುಂಚೆ ಕೆಂಪಾಗಿದೆ. ಬಾಯಲ್ಲಿ ಒಣ ಹುಲ್ಲು ಇಟ್ಟಂಗಿದೆ" ಎಂದ. ಆಮೇಲೆ ಕೊನೆಯ ಬಟ್ಟಲು ಹೀರಿದವನು ಉಗುಳಲಿಲ್ಲ. ನುಂಗಿದ. "ಇದು ಯಾವುದು? ಇದು ಹಳೇದೇ."

ಯಾವುದೆಂದು ಅವಳಿಗೂ ಗೊತ್ತಿರಲಿಲ್ಲ. ಗಂಡ ಬಾಗಿಲ ಸಂದಿಯಿಂದ ಹೇಳಿದ: "ರಸ್ತೆ ಮೂಲೇದು. ಅಲ್ಲಿ ಹಣ್ಣು ತಡವಾಗಿ ಆಯ್ತು. ಬೇರೆ ಚೀಲಕ್ಕೆ ಹಾಕಿಟ್ಟಿದ್ದೆ."

"ಇಷ್ಟಾದ್ರೂ ಪ್ರತಿ ವರ್ಷ ಕೊಡಿ" ಎಂದ ರುಚಿಯವನು. "ನಿಮ್ಮ ಉಳಿದ ತೋಟದ್ದು ಚೆನ್ನಾಗೇ ಇದೆ, ತಗೋತೀನಿ. ಆದ್ರೆ ಚೆನ್ನಾಗಿರೋದು ಎಲ್ಲಾ ಕಡೆ ಸಿಗತ್ತೆ. ನಾನು ಈ ಹಾಳು ರಸ್ತೇಲಿ ಸೊಂಟ ಮುರ್ಕೊಂಡು ಬರೋದು ಈ ಹಳೇ ಗಿಡಕ್ಕೆ. ಇದೂ ಹೋದ್ರೆ ನಾನು ಬರಲ್ಲ ತಾಯಿ, ಬೇಜಾರು ಮಾಡ್ಕೋಬೇಡಿ."

ಅಂದು ಮಧ್ಯಾಹ್ನ ತಿರುಗಿದ ಮೇಲೆ ಅಕ್ಕ ರಸ್ತೆ ಮೂಲೆಗೆ ಹೋದಳು. ಗಡಿಸಾಲಿನ ಉಳಿದ ಗಿಡಗಳೆಲ್ಲ ಎಲೆ ಮುದುಡಿಕೊಂಡು ನಿಂತಿದ್ದವು. ಮೂಲೆಯ ಹತ್ತಿಪ್ಪತ್ತು ಗಿಡ ಮಾತ್ರ ಕಪ್ಪು ಹಸಿರಾಗಿ, ಎಲೆ ಹರವಿಕೊಂಡು, ಏನೂ ಆಗಿಲ್ಲವೆಂಬಂತೆ ಇದ್ದವು. ಅವುಗಳ ಮೇಲೆ ತಣ್ಣಗೆ ನೆರಳು ಬಿದ್ದಿತ್ತು. ನೆರಳಿನ ಅಂಚು ಗೆರೆ ಎಳೆದಷ್ಟು ನೇರವಾಗಿತ್ತು. ಮೇಲೆ ನೋಡಿದಳು. ಬಾಲನ ಉಗ್ರಾಣ.

ಅವಳು ಉಗುಳಲು ಹೋದವಳು ನುಂಗಿಕೊಂಡಳು. ಅಪ್ಪನ ಅತ್ತಿ, ಅಪ್ಪನ ಹಲಸು, ಹಲಗೆಯಾಗಿ ಸೀಳಿಸಿಕೊಂಡು ಮೊಳೆ ಹೊಡೆಸಿಕೊಂಡ ಮೇಲೂ ಆ ಮೂಲೆಯನ್ನು ಕಾಯುತ್ತಿದ್ದವು.

"ಕೊನೆಗೂ ನಿನ್ನ ತಮ್ಮನ ನೆರಳಲ್ಲೇ ಬದುಕೋ ಹಂಗಾಯ್ತು" ಎಂದ ಗಂಡ ರಾತ್ರಿಯೂಟಕ್ಕೆ ಕೂತಾಗ. ಅವಳ ಕಣ್ಣು ನೋಡಿ ಮುಂದಿನ ತುತ್ತನ್ನು ಬೇಗ ಬಾಯಿಗಿಟ್ಟುಕೊಂಡ.

ಅಂದಿನಿಂದ ಅವಳು ಆ ಉಗ್ರಾಣದ ಸುದ್ದಿ ಎತ್ತಲಿಲ್ಲ.

ಮೂರನೆಯ ಬೆಳೆಗೆ ಬಾಲನ ತೋಟ ಕೈ ಕೊಟ್ಟಿತು. ತಾಕತ್ತು ಮೀರಿ ಕಾಯಿ ಹೊತ್ತ ಗಿಡಗಳು ತುದಿಯಿಂದ ಒಣಗುತ್ತ ಬಂದವು. ಹುಳ ಅಲ್ಲಿಗೂ ನುಗ್ಗಿತು. ತಿಂದು ಹಾಕಲು ಹಕ್ಕಿಗಳಿಗೆ ಕೂರುವ ಕೊಂಬೆಯೇ ಇರಲಿಲ್ಲ. ಕಳೆಗೆ ಹೊಡೆದ ಮದ್ದು ಸಾಲಲಿಲ್ಲ, ಗೊಬ್ಬರ ಸುರಿದಷ್ಟೂ ಮಳೆ ಹೊತ್ತುಕೊಂಡು ಹೋಯಿತು. ಬೇಸಿಗೆ ಅರ್ಧ ಆಗುವುದರೊಳಗೆ ಅವನ ಒರತೆ ಒಂದು ಒದ್ದೆ ಕಲೆಯಾಗಿ, ಆಮೇಲೆ ಕಲೆಯೂ ಆರಿತು. ಉಗ್ರಾಣದಲ್ಲಿ ಇಡಲು ಏನೂ ಉಳಿಯಲಿಲ್ಲ. ಸಾಹುಕಾರ ಎನ್ನುತ್ತಿದ್ದವರು ಈಗಲೂ ಹಾಗೆಯೇ ಕರೆಯುತ್ತಿದ್ದರು, ಬಾಯಿಯ ಒಂದು ಕೊನೆಯಲ್ಲಿ ನಗುತ್ತ.

ಅಕ್ಕನ ತೋಟದೊಳಗೆ, ಅವಳ ಮರಗಳ ಬುಡದಲ್ಲಿ ಒರತೆ ಇನ್ನೂ ಗುಳುಗುಳು ಅನ್ನುತ್ತಿತ್ತು. ಬಾಲನ ಹೆಂಡತಿ ಕೊಡ ಹಿಡಿದು ಅಲ್ಲಿಗೆ ಬರಲು ಶುರುಮಾಡಿದಳು. ಅಕ್ಕ ಬೇಡ ಅನ್ನಲಿಲ್ಲ. ನಾದಿನಿಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ.

ಒಂದು ದಿನ ಕೊಡ ತುಂಬಿದ ಮೇಲೂ ನಾದಿನಿ ಹೊರಡಲಿಲ್ಲ.

"ಅತ್ತಿಗೆ, ನಾಳೆ ಉಗ್ರಾಣ ಬಿಚ್ಚಿಸ್ತಾರೆ. ಬಡಗಿಗೆ ಹೇಳಿ ಆಗಿದೆ. ಹಲಗೆ ಮಾರಿ ಪಂಪು ತರ್ತಾರಂತೆ, ಕೆಳಗಿನ ಹೊಳೆಯಿಂದ ನೀರೆಳೆಯೋಕೆ."

ಅಕ್ಕ ಥಟ್ಟನೆ ತಿರುಗಿದಳು. "ಎಲ್ಲಾನೂ ಬಿಚ್ತಾನಾ? ಈ ಕಡೆ ಗೋಡೆ?"

"ಗೋಡೆ ಒಂದನ್ನ ನಿಲ್ಲಿಸಿಕೊಂಡು ಏನ್ ಮಾಡ್ತಾರೆ?"

"ಪಂಪಂತೆ ಪಂಪು. ಮರ ಕಡಿದು ನೀರು ಕಳ್ಕೊಂಡ, ಈಗ ಅದೇ ಮರ ಮಾರಿ ನೀರು ಕೊಳ್ತಾನಂತೆ. ಇವನ ಬುದ್ಧಿಗೆ..."

"ಹೌದು, ಅವರು ದಡ್ಡರೇ" ಎಂದಳು ನಾದಿನಿ. ಅವಳು ಯಾವತ್ತೂ ಎದುರು ಮಾತಾಡಿದವಳಲ್ಲ. ಈಗಲೂ ಕಣ್ಣು ಕೊಡದ ಮೇಲೇ ಇತ್ತು. "ಆದ್ರೆ ಒಂದು ಮಾತು ಕೇಳ್ತೀನಿ, ಹೊಡೀಬೇಡಿ. ಆ ರುಚಿ ನೋಡೋರು ನಮ್ಮ ಕಾಫಿ ಕೇಳಿದ್ರಂತೆ, ಮರ ಕಡಿಯೋಕೆ ಮುಂಚೆ. ಕೆಲಸದವರು ಹೇಳಿದ್ರು. ಒಂದು ಸಲ ಅವರನ್ನ ಈ ಕಡೆ ಕಳಿಸಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಮರದಿಂದ ದುಡ್ಡು ಬರತ್ತೆ ಅಂತ ಗೊತ್ತಿದ್ರೆ ಇವರು ಯಾಕೆ ಕಡೀತಿದ್ರು? ಗೊಬ್ಬರದಂಗಡಿಯವನು ಮನೆವರೆಗೆ ಬಂದು ಹೇಳಿದ. ನೀವು ಕಲ್ಲಿನಾಚೆ ನಿಂತು ಬೈದ್ರಿ."

ಕೊಡ ಸೊಂಟಕ್ಕೇರಿಸಿ ಹೊರಟೇ ಹೋದಳು.

ಮರುದಿನ ಮಧ್ಯಾಹ್ನ ತಿರುಗುತ್ತಿದ್ದಂತೆ ಮೊದಲ ಹಲಗೆ ಕಿತ್ತ ಸದ್ದು ಕೇಳಿದಾಗ ಅವಳು ಕಣದಲ್ಲೇ ನಿಂತಿದ್ದಳು. ಮೊಳೆ ಹಲಗೆಯಿಂದ ಎದ್ದು ಬರುವಾಗ ಮಾಡುವ ಕಿರುಚು.

"ಹೋಗಿ ಕೇಳು" ಎಂದ ಗಂಡ. ಯಂತ್ರ ನಿಲ್ಲಿಸಿ ಹೊರಗೆ ಬಂದಿದ್ದ; ಅದು ಅವನು ಮಾಡುವ ಕೆಲಸವಲ್ಲ. "ಈ ಕಡೆ ಗೋಡೆ ಒಂದು ನಾಲ್ಕು ವರ್ಷ ಇರ್ಲಿ ಅಂತ ಕೇಳು. ಹಲಗೆ ಬೆಲೆ ನಾವೇ ಕೊಡೋಣ. ಆದ್ರೆ ನೋಡೇ, ಮೆತ್ತಗೆ ಮಾತಾಡು. ಒಂದೇ ಒಂದು ಸಲ."

ದಾರಿಯುದ್ದಕ್ಕೂ ಅವಳು ಮಾತು ಜೋಡಿಸಿಕೊಂಡಳು. ಬಾಲ, ಒಂದು ಸಹಾಯ ಆಗ್ಬೇಕಿತ್ತು ಕಣೋ. ಅಪ್ಪನ ಗಿಡ ಉಳಿಸ್ಕೊಳೋಣ. ನಿನ್ನ ತೋಟಕ್ಕೂ ಸಸಿ ಕೊಡ್ತೀನಿ, ನನ್ನ ಮರದಡಿ ಬೇಕಾದಷ್ಟು ಹುಟ್ಟಿವೆ. ರುಚಿಯವನಿಗೂ ಹೇಳ್ತೀನಿ. ಎಲ್ಲವನ್ನೂ ನಾಲಿಗೆಯ ಮೇಲೆ ಸಾಲಾಗಿ ಇಟ್ಟುಕೊಂಡು ಕಲ್ಲಿನ ಹತ್ತಿರ ಬಂದಳು.

ಮಾಡು ಆಗಲೇ ಇಳಿದಿತ್ತು. ಬಡಗಿಯೂ ಅವನ ಜೊತೆಯವರೂ ಮೇಲಿನ ಅಂತಸ್ತಿನಲ್ಲಿದ್ದರು. ಬಾಲ ಕೆಳಗೆ ಹಾರೆ ಹಿಡಿದು ನಿಂತಿದ್ದ. ಸೊರಗಿ ಕಡ್ಡಿಯಾಗಿದ್ದ, ಕೊರಳ ಮೂಳೆ ಎದ್ದು ಕಾಣುತ್ತಿತ್ತು. ಅಕ್ಕನನ್ನು ನೋಡಿ ಅವನ ಮುಖದಲ್ಲಿ ಏನೋ ಮಿಂಚಿತು. ಲಂಗದ ತುದಿ ಹಿಡಿಯಲು ಬರುವ ಹುಡುಗನ ಮುಖ. ಅದನ್ನು ನೋಡಿ ಜೋಡಿಸಿಟ್ಟ ಮಾತೆಲ್ಲ ಎಲ್ಲಿ ಹೋದವೋ. ಮೂರು ವರ್ಷದಿಂದ ಎದೆಯಲ್ಲಿ ಕೂತಿದ್ದ ಒಂದೇ ಮಾತು ಹೊರಬಿತ್ತು.

"ಬಾಡಿಗೆ ಎಷ್ಟು ಹೇಳು."

"ಏನು?"

"ನೆರಳಿಗೆ. ಬಾಡಿಗೆ ಎಷ್ಟು ಹೇಳು. ಕೊಡ್ತೀನಿ."

ಮೇಲೆ ಬಡಗಿ ಪಕ್ಕನೆ ನಕ್ಕ. ಊರಿಗೆಲ್ಲ ಗೊತ್ತಿದ್ದ ಮಾತು ಅದು. "ಸಾಹುಕಾರರಿಗೆ ಅಕ್ಕ ಬಡ್ಡಿ ಸಮೇತ ವಾಪಸ್ ಕೊಡ್ತಿದಾರೆ ನೋಡ್ರಪ್ಪ!"

ಬಾಲನ ಮುಖದಲ್ಲಿ ಮಿಂಚಿದ್ದು ಆರಿಹೋಯಿತು.

"ಹಂಗಿಸೋಕೆ ಬಂದ್ಯಾ? ನಾನು ಹಾಳಾಗೋದನ್ನೇ ಕಾಯ್ತಾ ಕೂತಿದ್ಯಾ ಇಷ್ಟು ದಿನ?"

"ಹಂಗಿಸ್ತಿಲ್ಲ ಕಣೋ. ನಿಜವಾಗಿ ಕೇಳ್ತಿದೀನಿ."

"ಗೊತ್ತು, ನೀನು ನಿಜವಾಗಿ ಕೇಳೋದು ಹೆಂಗೆ ಅಂತ."

"ನಿಜ ಅಂತಿದೀನಲ್ಲೋ ಕತ್ತೆ! ಈ ಗೋಡೆ ಬೇಕು ನನಗೆ! ಕಿವಿ ಕೇಳಿಸಲ್ವಾ?"

ಅವಳ ದನಿ ಏರಿತ್ತು. ಅವಳಿಗೆ ಬೇರೆ ದನಿ ಇರಲಿಲ್ಲ. ಮೇಲಿದ್ದವರು ಇನ್ನೂ ಜೋರಾಗಿ ನಕ್ಕರು. ಬಾಲ ತಿರುಗಿದ. ಬೇರೆ ಮೂರು ಗೋಡೆಗಳನ್ನು ಬಿಟ್ಟು ಅಕ್ಕನ ಕಡೆಯ ಗೋಡೆಗೇ ಹಾರೆ ಹಾಕಿ ಮೀಟಿದ. ಹಲಗೆ ಕಿರುಚಿಕೊಂಡು ಬಿಟ್ಟು ಬಂತು. ಇನ್ನೊಂದು. ಮತ್ತೊಂದು. ಹಲಗೆ ಕಳಚಿದಂತೆಲ್ಲ ಸಂದಿಯಲ್ಲಿ ಪಟ್ಟಿ ಪಟ್ಟಿಯಾಗಿ ಬಿಸಿಲು ಈಚೆ ಬಂದು, ಕಪ್ಪು ಹಸಿರು ಎಲೆಗಳ ಮೇಲೆ ಒಂದೊಂದಾಗಿ ಬಿತ್ತು. ಅವನು ಅಳುತ್ತಿದ್ದನೋ ಬೆವರುತ್ತಿದ್ದನೋ ಅವಳಿಗೆ ಕಾಣಲಿಲ್ಲ. ಅವನು ಬೆನ್ನು ಹಾಕಿದ್ದ.

ಬಡಗಿಯವರು ಹಲಗೆಗಳನ್ನು ಗಾಡಿಗೆ ಏರಿಸಿಕೊಂಡು ಹೋದ ಮೇಲೂ ಅಕ್ಕ ಕಲ್ಲಿನ ಹತ್ತಿರವೇ ಇದ್ದಳು. ಬಾಲ ಮನೆಗೆ ಹೋಗಿದ್ದ. ಪಡುವಣದಲ್ಲಿ ಬಿಸಿಲಿಗೆ ಅಡ್ಡ ಬರುವಂಥದ್ದು ಒಂದೂ ಉಳಿದಿರಲಿಲ್ಲ. ಅವಳು ಗಿಡಗಳ ಕಡೆ ತಿರುಗಿದಳು. ಬೆನ್ನು ಸುಡುತ್ತಿತ್ತು. ಅವಳ ನೆರಳು ಮುಂದಕ್ಕೆ ಚಾಚಿ ಅಪ್ಪನ ಒಂದು ಗಿಡದ ಮೇಲೆ ಬಿದ್ದಿತ್ತು. ಬುಡದಿಂದ ತುದಿಯವರೆಗೆ, ಸರಿಯಾಗಿ ಒಂದು ಗಿಡ.

ಅವಳು ಅಲುಗಾಡದೆ ನಿಂತಳು. ಅಂಗಳದಿಂದ ಗಂಡ ಕೂಗಿದ. ಅವನು ಇನ್ನೊಮ್ಮೆ ಕೂಗಿದ ಮೇಲೆ ಅವಳು ಪಕ್ಕಕ್ಕೆ ಸರಿದಳು. ಬಿಸಿಲು ಆ ಗಿಡದ ಮೇಲೂ ಬಿತ್ತು.